ಬೈಲಿನ ನೆರೆಗೆ ಮಣ್ಣಿನ ಒಡ್ಡು: ಜಾಗ ನೋಡುವುದರಿಂದ ಕೋಡಿ ಕಾಯುವವರೆಗೆ

ಪದವಿನ (ಗುಡ್ಡದ ತಲೆಯ ಸಮತಟ್ಟು ಜಾಗದ) ಮೇಲೆ ಸುರಿದ ಮಳೆ ಬೈಲಿಗೆ (ಗುಡ್ಡಗಳ ನಡುವಿನ ತಗ್ಗಿನ ಗದ್ದೆಗಳಿಗೆ) ಇಳಿಯಲು ಹೆಚ್ಚು ಹೊತ್ತು ಬೇಡ. ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಮಣ್ಣಿನ ಪದರ ತೆಳು. ಆಟಿ ತಿಂಗಳು (ಜುಲೈ–ಆಗಸ್ಟ್) ಬರುವಷ್ಟರಲ್ಲಿ ಅದೂ ನೀರು ಕುಡಿದು ತುಂಬಿರುತ್ತದೆ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೋಡು (ಸಣ್ಣ ಹಳ್ಳ) ಹೊರಲಾರದ ನೀರು ಗದ್ದೆಯ ಹುಣಿ (ಬದು) ಒಡೆದು, ನಾಟಿಯ ಮೇಲೆ ಮರಳು ಹಾಸಿ, ಅಡಿಕೆ ತೋಟದ ಬುಡ ತೊಳೆದುಕೊಂಡು ಹೋಗುತ್ತದೆ.

ಬೈಲಿನ ತಲೆಯಲ್ಲಿ, ಎರಡು ಗುಡ್ಡಗಳ ನಡುವಿನ ಕಣಿವೆ ಕಿರಿದಾಗುವಲ್ಲಿ, 3–4 ಮೀಟರ್ ಎತ್ತರದ ಮಣ್ಣಿನ ಒಡ್ಡು ಹಾಕಿದರೆ ಈ ನೀರನ್ನು ಕೆಲವು ಗಂಟೆ ತಡೆದು ನಿಧಾನವಾಗಿ ಬಿಡಬಹುದು. ನಮ್ಮ ಕಡೆಯ ಹಳೆಯ ಮದಕಗಳೂ ಇಂಥ ಜಾಗದಲ್ಲೇ ಇವೆ. ಆದರೆ ಮದಕ ಇರುವುದು ನೀರು ಹಿಡಿದಿಡಲು. ಬೇಸಗೆಗೆ ಹಾಕುವ ಕಟ್ಟ, ಹಲಗೆ ಇಳಿಸುವ ಕಿಂಡಿ ಅಣೆಕಟ್ಟು ಇವುಗಳ ಕೆಲಸವೂ ಅದೇ. ನೆರೆಯ ಒಡ್ಡಿನ ಲೆಕ್ಕ ಇದಕ್ಕೆ ಪೂರ್ತಿ ತಿರುವುಮುರುವು. ಅದರ ಹೊಟ್ಟೆ ಖಾಲಿ ಇದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಮುಂದಿನ ಅಳತೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಯಾವಾಗಿನಿಂದ ಯಾವಾಗಿನವರೆಗೆ ಖಾಲಿ? ಮಂಗಳೂರು ಮುಳುಗಿದ್ದು 2018ರ ಮೇ 29ರಂದು, ಮಳೆಗಾಲ ಸರಿಯಾಗಿ ಕೂರುವ ಮೊದಲೇ. ಉಡುಪಿಗೆ ದೊಡ್ಡ ನೆರೆ ಬಂದದ್ದು 2020ರ ಸೆಪ್ಟೆಂಬರ್ 20ರಂದು, ‘ಇನ್ನೇನು ಮಳೆ ಮುಗಿಯಿತು’ ಅನ್ನುವ ಹೊತ್ತಿಗೆ. ಹಾಗಾಗಿ ಒಡ್ಡಿನ ಕೆಲಸ ಪತ್ತನಾಜೆಯೊಳಗೆ (ಮೇ ಕೊನೆಯ ವಾರದ ಹೊತ್ತಿಗೆ) ಮುಗಿದಿರಬೇಕು. ಅಕ್ಟೋಬರ್ ಕೊನೆಯವರೆಗೆ ಅದರ ತೂಬು (ಬುಡದಲ್ಲಿ ನೀರು ಬಿಡುವ ಪೈಪ್) ತೆರೆದೇ ಇರಬೇಕು.

ಎಲ್ಲಿ ಕಟ್ಟಬಾರದು

ಒಡ್ಡಿನ ಕೆಳಗೆ ತೋಡಿನ ಬದಿಯಲ್ಲಿ ಮನೆ, ಅಂಗನವಾಡಿ, ದೈವಸ್ಥಾನ, ಜನ ಓಡಾಡುವ ಕಾಲುಸಂಕ ಇದ್ದರೆ ನೀವೇ ಲೆಕ್ಕ ಹಾಕಿ ಕಟ್ಟುವ ಕೆಲಸ ಇದಲ್ಲ. ಇಂಜಿನಿಯರ್ ಬೇಕೇ ಬೇಕು. ತಡೆದ ನೀರು ಒಮ್ಮೆಲೇ ಒಡೆದು ಬಂದರೆ ಒಡ್ಡೇ ಇಲ್ಲದಾಗ ಬರುತ್ತಿದ್ದ ನೆರೆಗಿಂತ ಕೆಟ್ಟದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತಿನೊಡನೆ 10ರಿಂದ 15 ಮೀಟರ್‌ವರೆಗಿನವಕ್ಕೆ ಅನ್ವಯಿಸುತ್ತದೆ. ನಿಮ್ಮ 3.5 ಮೀಟರ್ ಒಡ್ಡು ಅದರೊಳಗೆ ಬರುವುದಿಲ್ಲ. ಅಂದರೆ ಆ ಕಾಯ್ದೆಯ ಪ್ರಕಾರ ವರ್ಷ ವರ್ಷ ಬಂದು ನೋಡುವವರು ಯಾರೂ ಇಲ್ಲ, ಜವಾಬ್ದಾರಿ ಪೂರ್ತಿ ಕಟ್ಟಿದವರದ್ದು. ಸಣ್ಣ ಒಡ್ಡುಗಳ ವಿನ್ಯಾಸಕ್ಕೆ ಐಎಸ್ 12169 ಎಂಬ ಭಾರತೀಯ ಮಾನಕ ಇದೆ. ಇಂಜಿನಿಯರ್ ಹತ್ತಿರ ಹೋದಾಗ ಅದನ್ನೇ ಹಿಡಿಯಲು ಹೇಳಿ.

ತೋಡು ಸಾಮಾನ್ಯವಾಗಿ ಸರಕಾರಿ ಜಾಗ, ಎರಡು ಬದಿಯ ಗುಡ್ಡ ಕುಮ್ಕಿ (ಕೃಷಿ ಜಮೀನಿಗೆ ತಾಗಿದ ಸರಕಾರಿ ಜಾಗ) ಆಗಿರುವುದೂ ಉಂಟು. ಆರ್‌ಟಿಸಿ, ಸರ್ವೆ ನಕ್ಷೆ ಹಿಡಿದು ಪಂಚಾಯತಿಗೂ ಸಣ್ಣ ನೀರಾವರಿ ಇಲಾಖೆಗೂ ಮೊದಲು ಹೋಗಿ. ನೀರು ನಿಲ್ಲುವ ಜಾಗದವರ ಮತ್ತು ಕೆಳಗಿನ ಗದ್ದೆಯವರ ಒಪ್ಪಿಗೆ ಬರಹದಲ್ಲಿರಲಿ.

ಎಷ್ಟು ನೀರು ಬರುತ್ತದೆ

ಒಡ್ಡಿಗೆ ನೀರು ಹರಿದು ಬರುವ ಜಾಗದ ವಿಸ್ತೀರ್ಣವನ್ನು ಸರ್ವೆ ನಕ್ಷೆಯಲ್ಲಿ ಅಳೆಯಿರಿ. ಹೊಸ ರಸ್ತೆಯ ಚರಂಡಿ ಪಕ್ಕದ ಗುಡ್ಡದ ನೀರನ್ನು ಈಚೆ ತಿರುಗಿಸಿದೆಯೋ ಎಂದು ಮಳೆಯಲ್ಲೊಮ್ಮೆ ನಡೆದು ನೋಡಬೇಕು. ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಲೆಕ್ಕ ಸರಳ. ಹೆಕ್ಟೇರ್‌ನಲ್ಲಿ ವಿಸ್ತೀರ್ಣ, ಗಂಟೆಗೆ ಮಿ.ಮೀ.ನಲ್ಲಿ ಮಳೆಯ ರಭಸ, ಹರಿದು ಬರುವ ಪಾಲು ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ನೆನೆದ ಮುರಕಲ್ಲಿನ ಗುಡ್ಡಕ್ಕೆ ಹರಿಯುವ ಪಾಲು 0.6 ಹಿಡಿಯಿರಿ, ಮಳೆಯ ರಭಸ 100ಕ್ಕಿಂತ ಕಡಿಮೆ ಹಿಡಿಯಬೇಡಿ. 20 ಹೆಕ್ಟೇರ್‌ಗೆ:

20 × 100 × 0.6 ÷ 360 = ಸೆಕೆಂಡಿಗೆ ಸುಮಾರು 3.3 ಘನ ಮೀಟರ್.

ಇನ್ನು ಕೆಳಗಿನ ತೋಡು ಎಷ್ಟು ಹೊರುತ್ತದೆ ನೋಡಿ. 1 ಮೀಟರ್ ಅಗಲ, 60 ಸೆಂ.ಮೀ. ಆಳದ ತೋಡಿನಲ್ಲಿ ನೀರು ಸೆಕೆಂಡಿಗೆ 1 ಮೀಟರ್ ಹರಿದರೆ 0.6 ಘನ ಮೀಟರ್. ಬರುವುದು 3.3, ಹೊರುವುದು 0.6. ನೆರೆ ಎಂದರೆ ಈ ವ್ಯತ್ಯಾಸವೇ.

ಒಡ್ಡಿನ ಹಿಂದೆ ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ನೀರು ಹರಡುವ ವಿಸ್ತೀರ್ಣ × ಗರಿಷ್ಠ ಆಳ × 0.4 ಸಾಕಷ್ಟು ಹತ್ತಿರದ ಅಂದಾಜು. ಒಂದು ಎಕರೆ (4,047 ಚ.ಮೀ.) ಹರಡಿ 2.4 ಮೀಟರ್ ಆಳ ನಿಂತರೆ ಸುಮಾರು 3,900 ಘನ ಮೀಟರ್. ಅದೇ 20 ಹೆಕ್ಟೇರ್‌ನಿಂದ 50 ಮಿ.ಮೀ. ನೀರು ಹರಿದು ಬಂದರೆ 10,000 ಘನ ಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಒಂದು ಎಕರೆಯ ಒಡ್ಡು ಒಂದು ಜೋರು ಮಳೆಯ ತಲೆಯನ್ನು ಕತ್ತರಿಸುತ್ತದೆ, ಇಡೀ ದಿನ ಹೊಯ್ಯುವ ಮಳೆಯನ್ನು ನಿಲ್ಲಿಸುವುದಿಲ್ಲ. ಕಟ್ಟುವ ಮೊದಲೇ ಇದನ್ನು ಕೆಳಗಿನ ಗದ್ದೆಯವರಿಗೂ ಹೇಳಿಬಿಡಬೇಕು.

ಮಣ್ಣು

ಇಲ್ಲಿ ಒಡ್ಡು ಉಳಿಯುವುದೂ ಹೋಗುವುದೂ ಮಣ್ಣಿನಿಂದ. ನಮ್ಮಲ್ಲಿ ಮೇಲೆ ಕೆಂಪು ಮಣ್ಣು, ಅದರಡಿ ಮುರಕಲ್ಲು, ಅದರಡಿ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗಟ್ಟಿ, ನುಣುಪು. ಕೈಗೆ ಜೇಡಿಯ ಹಾಗೇ ಅನಿಸುತ್ತದೆ. ಅದಕ್ಕೇ ‘ನೀರು ಹಿಡಿಯುವ ಮಣ್ಣು’ ಎಂದು ತಂದು ಒಡ್ಡಿಗೆ ಹಾಕುವವರಿದ್ದಾರೆ. ಅದರಲ್ಲಿ ನುಣ್ಣನೆಯ ಹುಡಿಯೇ ಹೆಚ್ಚು, ಅಂಟು ಕಡಿಮೆ. ಹರಿಯುವ ನೀರು ಸಿಕ್ಕರೆ ಹಾಲಿನಂತೆ ಕರಗಿ ಹೊರಗೆ ಹೋಗುತ್ತದೆ, ಒಳಗೆ ಬಿಲ ಉಳಿಯುತ್ತದೆ. ಬಿಲ ಒಮ್ಮೆ ಆರಂಭವಾದರೆ ಒಂದು ರಾತ್ರಿ ಸಾಕು.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಡಿಸ್ಟಿಲ್ಡ್ ನೀರು ತೆಗೆದುಕೊಳ್ಳಿ. ಬಾವಿ ನೀರಿನ ಲವಣ ಫಲಿತಾಂಶ ಕೆಡಿಸುತ್ತದೆ. ಅದರೊಳಗೆ ಕಡಲೆಕಾಳಿನಷ್ಟು ಮಣ್ಣಿನ ಉಂಡೆಯನ್ನು ಮೆಲ್ಲ ಇಳಿಸಿ, ಅಲುಗಾಡಿಸದೆ ಹತ್ತು ನಿಮಿಷ ಬಿಡಿ. ಉಂಡೆ ಕುಸಿದು ರಾಶಿಯಾಗಿ ಕೂತು ನೀರು ತಿಳಿಯಾಗಿಯೇ ಇದ್ದರೆ ಅಡ್ಡಿಯಿಲ್ಲ. ಉಂಡೆಯ ಸುತ್ತ ಮೋಡದಂತೆ ಬಿಳಿ ಹರಡಿದರೆ ಆ ಮಣ್ಣು ಒಡ್ಡಿಗೆ ಬೇಡ.

ಬೇಕಾದದ್ದು ಮುರಕಲ್ಲಿನ ಹರಳು, ಮರಳು, ಅಂಟು ಮೂರೂ ಬೆರೆತ ಕೆಂಪು ಮಣ್ಣು. ಅಗಲ ಬಾಯಿಯ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ತಳದಲ್ಲಿ ಮರಳು, ನಡುವೆ ಹುಡಿ, ಮೇಲೆ ಅಂಟು ಪದರಗಳಾಗಿ ಕೂರುತ್ತವೆ. ಅಂಟು 20ರಿಂದ 30 ಶೇಕಡಾ ಇದ್ದರೆ ಒಳ್ಳೆಯದು. 40 ದಾಟಿದರೆ ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಜೊತೆಗೆ ಮಾದರಿಯನ್ನು ಸಿವಿಲ್ ವಿಭಾಗ ಇರುವ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಮಣ್ಣು ಪ್ರಯೋಗಾಲಯಕ್ಕೆ ಕೊಟ್ಟು ಪ್ರಾಕ್ಟರ್ ಪರೀಕ್ಷೆ ಮಾಡಿಸಿ. ಎಷ್ಟು ತೇವದಲ್ಲಿ ಮಣ್ಣು ಅತಿ ಗಟ್ಟಿಯಾಗುತ್ತದೆ ಎಂಬ ಸಂಖ್ಯೆ ಅಲ್ಲಿ ಸಿಗುತ್ತದೆ.

ಮಣ್ಣನ್ನು ಒಡ್ಡಿನ ಪಕ್ಕದ ಗುಡ್ಡದ ಬುಡದಿಂದ ಕಡಿಯಬೇಡಿ. ಬುಡ ತೆಗೆದ ಗುಡ್ಡ ಮಳೆಗೆ ಜರಿಯುತ್ತದೆ. ನೀರು ನಿಲ್ಲುವ ಜಾಗದಲ್ಲೂ ಮುರಕಲ್ಲಿನ ಪದರ ಒಡೆದು ಶೇಡಿ ತೆರೆಯಬಾರದು.

ಅಳತೆ

ಮೇಲಿನ ಉದಾಹರಣೆಗೇ ಒಂದು ಒಡ್ಡು: ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಮಟ್ಟಕ್ಕೆ 2.4 ಮೀಟರ್, ಕೋಡಿಯ ಮೇಲೆ ನೀರು ಹರಿಯಲು 0.5, ಅದರ ಮೇಲೆ ನೀರು ಮುಟ್ಟದ ಬಿಡುವು 0.6. ಒಟ್ಟು 3.5 ಮೀಟರ್. ತಲೆಯ ಅಗಲ 3 ಮೀಟರ್. ನೀರಿನ ಬದಿಯ ಇಳಿಜಾರು ಎತ್ತರದ ಎರಡೂವರೆ ಪಟ್ಟು, ಹೊರಬದಿಯದ್ದು ಎರಡು ಪಟ್ಟು. ಒಳಬದಿ ಹೆಚ್ಚು ಓರೆ ಇರಬೇಕಾದ್ದಕ್ಕೆ ಕಾರಣ ಉಂಟು: ತೂಬಿನಿಂದ ನೀರು ಬೇಗ ಇಳಿದಾಗ ಮಣ್ಣಿನೊಳಗಿನ ನೀರು ಅಷ್ಟೇ ಬೇಗ ಇಳಿಯುವುದಿಲ್ಲ, ಆ ಭಾರಕ್ಕೆ ಒಳಮೈ ಜಾರುತ್ತದೆ. ಮಣ್ಣಿನಲ್ಲಿ ಅಂಟು ಜಾಸ್ತಿ ಇದ್ದರೆ ಮೂರು ಪಟ್ಟು ಮಾಡಿ. ತಳದ ಅಗಲ 3 + 8.75 + 7 = 18.75 ಮೀಟರ್. ಇಷ್ಟು ಅಗಲಕ್ಕೆ ಜಾಗವಿಲ್ಲವೆಂದು ಇಳಿಜಾರನ್ನು ನೆಟ್ಟಗೆ ಮಾಡುವ ಬದಲು ಎತ್ತರ ಕಡಿಮೆ ಮಾಡಿ.

40 ಮೀಟರ್ ಉದ್ದದ ಒಡ್ಡಿನಲ್ಲಿ ನಡುವಿನ 15 ಮೀಟರ್ ಸಮತಟ್ಟು, ಎರಡು ಬದಿ ಏರುಗುಡ್ಡ ಎಂದರೆ ದಮ್ಮಾಸು ಮಾಡಿದ (ಗುದ್ದಿ ಗಟ್ಟಿ ಮಾಡಿದ) ಮಣ್ಣು ಸುಮಾರು 930 ಘನ ಮೀಟರ್, ಬುಡದ ಕಂದಕಕ್ಕೆ ಇನ್ನೊಂದು 140. ಸಡಿಲ ಮಣ್ಣಾಗಿ ಸುಮಾರು 1,400. 5 ಘನ ಮೀಟರ್ ಹಿಡಿಯುವ ಟಿಪ್ಪರ್‌ನಲ್ಲಿ 280 ಲೋಡು. ಖರ್ಚಿನ ಅಂದಾಜು ಇಲ್ಲಿಂದ ಶುರುವಾಗಲಿ.

ಬುಡ

ಡಿಸೆಂಬರ್‌ನಲ್ಲಿ ತೋಡಿನ ನೀರು ಇಳಿದ ಮೇಲೆ ಶುರು ಮಾಡಿ. ಒಡ್ಡು ಕೂರುವ ಇಡೀ ಜಾಗದಿಂದ 30 ಸೆಂ.ಮೀ. ಮೇಲ್ಮಣ್ಣು, ಬೇರು, ಕುತ್ತಿ, ಹಳೆಯ ಗದ್ದೆಯ ಕೆಸರು ಪೂರ್ತಿ ತೆಗೆಯಬೇಕು. ಈ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ, ಕೊನೆಗೆ ಹುಲ್ಲು ಹಿಡಿಸಲು ಬೇಕು. ಹುತ್ತ ಕಂಡರೆ ಅದರ ಗೂಡಿನವರೆಗೂ ಅಗೆದು ತುಂಬಿಸಿ. ಅಕೇಶಿಯಾ ಬೊಡ್ಡೆ ಒಂದು ಉಳಿದರೂ ಕೆಲವು ವರ್ಷಕ್ಕೆ ಕುಂಬಾಗಿ ನೀರಿಗೆ ದಾರಿಯಾಗುತ್ತದೆ.

ಒಡ್ಡಿನ ನಡುಗೆರೆಯಲ್ಲಿ ಉದ್ದಕ್ಕೂ ಕಂದಕ ತೋಡಿ: ತಳದಲ್ಲಿ 2.5 ಮೀಟರ್ ಅಗಲ, ಬದಿಗಳು 45 ಡಿಗ್ರಿ ಓರೆ, ಆಳ ಕನಿಷ್ಠ 1 ಮೀಟರ್. ಆಳದ ನಿಜವಾದ ಲೆಕ್ಕ ಮೀಟರ್‌ನದ್ದಲ್ಲ. ಮರಳು, ಹೂಳು, ಸೀಳಿದ ಮುರಕಲ್ಲು ದಾಟಿ ನೀರು ಬಿಡದ ಗಟ್ಟಿ ಪದರದೊಳಗೆ 60 ಸೆಂ.ಮೀ. ಇಳಿಯಬೇಕು. ಎರಡು ಬದಿಯ ಗುಡ್ಡದೊಳಗೂ ಕಂದಕ ಏರಿ ಹೋಗಬೇಕು. ಮುರಕಲ್ಲಿನಲ್ಲಿ ತೂತುಗಳಿದ್ದರೆ ಸಿಮೆಂಟ್ ಗಾರೆ ತುಂಬಿ ಮುಚ್ಚಿ. ತಳದಲ್ಲಿ ಶೇಡಿ ಸಿಕ್ಕರೆ ಅಲ್ಲೇ ನಿಲ್ಲಿಸಿ, ಮಣ್ಣು ತಿಳಿದ ಇಂಜಿನಿಯರ್‌ಗೆ ತೋರಿಸಿ. ಹೆಚ್ಚಾಗಿ ಜಾಗ ಬದಲಿಸುವುದೇ ಅಗ್ಗ.

ತೂಬು

ನೆರೆಯ ಒಡ್ಡಿನ ತೂಬಿಗೆ ಗೇಟು ಬೇಡ. ಗೇಟು ಇದ್ದರೆ ರಾತ್ರಿ ಎರಡು ಗಂಟೆಯ ಮಳೆಯಲ್ಲಿ ಯಾರಾದರೂ ಹೋಗಿ ತೆಗೆಯಬೇಕಾಗುತ್ತದೆ. ತೆರೆದ ಪೈಪ್ ತನ್ನಷ್ಟಕ್ಕೇ ಕೆಲಸ ಮಾಡುತ್ತದೆ. 300 ಮಿ.ಮೀ. ಹ್ಯೂಮ್ (ಕಾಂಕ್ರೀಟ್) ಪೈಪ್ 2 ಮೀಟರ್ ನೀರಿನ ಒತ್ತಡದಲ್ಲಿ ಸೆಕೆಂಡಿಗೆ ಸುಮಾರು 0.26 ಘನ ಮೀಟರ್ ಬಿಡುತ್ತದೆ, 450 ಮಿ.ಮೀ. ಆದರೆ ಸುಮಾರು 0.6. ಕೆಳಗಿನ ತೋಡು ಹೊರುವುದೇ 0.6, ಅದಕ್ಕೆ ದಾರಿಯಲ್ಲಿ ಗದ್ದೆಗಳ ನೀರೂ ಸೇರುತ್ತದೆ. ಹಾಗಾಗಿ ಇಲ್ಲಿ 300 ಸರಿ. ಮಳೆ ನಿಂತ ಮೇಲೆ ತುಂಬಿದ ಒಡ್ಡು ಐದಾರು ಗಂಟೆಯಲ್ಲಿ ಖಾಲಿಯಾಗುತ್ತದೆ. ಅದಕ್ಕಿಂತ ಸಣ್ಣ ಪೈಪ್ ಹಾಕಿದರೆ ಕಸ ಕಟ್ಟಿ ಸೋಲುತ್ತದೆ.

ಒಡ್ಡುಗಳು ಒಡೆಯುವ ಜಾಗಗಳಲ್ಲಿ ಪೈಪಿನ ಹೊರಮೈ ಮುಖ್ಯವಾದದ್ದು. ದುಂಡು ಪೈಪಿನ ಅಡಿಭಾಗಕ್ಕೆ ಮಣ್ಣು ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲಿ ನೀರು ಓಡುತ್ತದೆ. ಪೈಪನ್ನು ತುಂಬಿಸಿದ ಮಣ್ಣಿನ ಮೇಲಲ್ಲ, ಗಟ್ಟಿ ನೆಲದಲ್ಲಿ ಕಡಿದ ಉದ್ದ ಗುಂಡಿಯಲ್ಲಿ ಕಾಂಕ್ರೀಟ್ ತೊಟ್ಟಿಲು ಮಾಡಿ ಅದರಲ್ಲಿ ಕೂರಿಸಿ. ಕಾಂಕ್ರೀಟು ಪೈಪಿನ ಅರ್ಧ ಎತ್ತರದವರೆಗೆ ಬರಲಿ. ಅಡಿಗೆ ಮರಳು ಹಾಸಬೇಡಿ, ಅದೇ ನೀರಿಗೆ ಕಾಲುವೆ. ಪೈಪಿನ ಸುತ್ತ 60 ಸೆಂ.ಮೀ.ವರೆಗೆ ಹತ್ತು ಹತ್ತು ಸೆಂ.ಮೀ. ಮಣ್ಣು ಹಾಕಿ ಕೈ ದಮ್ಮಾಸಿನಿಂದಲೇ ಗುದ್ದಬೇಕು, ಎರಡು ಬದಿ ಸಮನಾಗಿ. ಪೈಪಿನ ಉದ್ದದ ಕೊನೆಯ ಮೂರನೇ ಭಾಗದಲ್ಲಿ, ಹೊರಬದಿಯ ಹತ್ತಿರ, ಪೈಪನ್ನು ಸುತ್ತುವರಿದ ಒಂದು ಮೀಟರ್ ದಪ್ಪದ ಮರಳಿನ ಗೋಡೆ ಇರಬೇಕು. ಎಲ್ಲ ದಿಕ್ಕಿಗೂ ಪೈಪಿನಿಂದ ಒಂದು ಮೀಟರ್ ಹೊರಗೆ ಬಂದು, ಅಡಿಯಿಂದ ಹೊರಬುಡದ ಬಸಿಗಾಲುವೆಗೆ ಸೇರಲಿ. ಮಣ್ಣಿನ ಕಣ ಹೊತ್ತ ನೀರು ಅಲ್ಲಿಗೆ ಬಂದಾಗ ಮರಳು ಕಣವನ್ನು ಹಿಡಿದು ನೀರನ್ನು ಮಾತ್ರ ಬಿಡುತ್ತದೆ. ಹೊಳೆ ಮರಳು ಸಿಗದಿದ್ದರೆ ತೊಳೆದ ಎಂ-ಸ್ಯಾಂಡ್ ಆಗುತ್ತದೆ. ತೊಳೆಯದ್ದರಲ್ಲಿ ಹುಡಿ ಹೆಚ್ಚು, ನೀರು ಬಸಿಯುವುದಿಲ್ಲ.

ಪೈಪಿನ ಬಾಯಿಗೆ ಕಸದ ಜಾಲರಿ. ನಮ್ಮ ಕಣಿವೆಯಲ್ಲಿ ಬರುವ ಕಸ ಎಂದರೆ ತೆಂಗಿನ ಮಡಲು, ಅಡಿಕೆ ಸೋಗೆ, ಹಾಳೆ, ಚಿಪ್ಪು. ಹಾಳೆ ಒಂದೇ ಬಂದು ಚಪ್ಪಟೆ ಕೂತರೂ ಪೈಪ್ ಬಂದ್. ಅದಕ್ಕೆ ಚಪ್ಪಟೆ ಜಾಲರಿ ಬಿಟ್ಟು, 16 ಮಿ.ಮೀ. ಸರಳಿನಲ್ಲಿ ಪಂಜರದಂತೆ ನಾಲ್ಕು ಬದಿ ಮತ್ತು ಮೇಲೆ ತೆರೆದ ಜಾಲರಿ ಮಾಡಿಸಿ. ಸರಳುಗಳ ನಡುವೆ 10–12 ಸೆಂ.ಮೀ. ಅಂತರ, ಒಟ್ಟು ತೆರವು ಪೈಪಿನ ಬಾಯಿಯ ಹತ್ತು ಪಟ್ಟಾದರೂ ಇರಲಿ.

ಮಣ್ಣು ಏರಿಸುವುದು

ಸಡಿಲ ಮಣ್ಣು 20 ಸೆಂ.ಮೀ. ಹರಡಿ, ಗುದ್ದಿದ ಮೇಲೆ 15 ಆಗಬೇಕು. 3.5 ಮೀಟರ್‌ಗೆ 23–24 ಪದರ. ಮುಷ್ಟಿಗಿಂತ ದೊಡ್ಡ ಮುರಕಲ್ಲು ಹೆಕ್ಕಿ ಹೊರಬದಿಗೆ ಎಸೆಯಿರಿ. ತೇವ ನೋಡಲು ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕಾರು ತುಂಡಾದರೆ ಸರಿ, ಹುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಹೆಚ್ಚಾಯಿತು. ಫೆಬ್ರವರಿ, ಮಾರ್ಚ್‌ನ ಬಿಸಿಲಿಗೆ ಹರಡಿದ ಮಣ್ಣು ಬೇಗ ಒಣಗುತ್ತದೆ. ಟ್ಯಾಂಕರ್ ಸ್ಥಳದಲ್ಲೇ ಇರಲಿ. ಮುಳ್ಳು ರೋಲರ್ 6ರಿಂದ 8 ಸಲ ಓಡಬೇಕು. ಹಿಂದಿನ ಪದರ ನುಣುಪಾಗಿದ್ದರೆ ಕೆರೆದು, ನೀರು ಚಿಮುಕಿಸಿ ಮುಂದಿನದ್ದು ಹಾಕಿ. ಇಲ್ಲದಿದ್ದರೆ ಎರಡು ಪದರದ ನಡುವೆ ಹಾಳೆ ಇಟ್ಟಂತೆ ಸಂದಿ ಉಳಿಯುತ್ತದೆ. ಪ್ರತಿ ಮೂರ್ನಾಲ್ಕು ಪದರಕ್ಕೊಮ್ಮೆ ಕೋರ್ ಕಟ್ಟರ್ ಪರೀಕ್ಷೆ (ಗುದ್ದಿದ ಮಣ್ಣಿನ ತುಂಡು ತೆಗೆದು ಸಾಂದ್ರತೆ ನೋಡುವುದು) ಮಾಡಿಸಿ. ಪ್ರಾಕ್ಟರ್ ಸಾಂದ್ರತೆಯ 95 ಶೇಕಡಾ ಬರದಿದ್ದರೆ ಆ ಪದರ ಮತ್ತೆ ಗುದ್ದಬೇಕು.

ಜೆಸಿಬಿ ಮೇಲಿಂದ ಮಣ್ಣು ಸುರಿದು ಬಕೆಟ್‌ನಿಂದ ತಟ್ಟಿದರೆ ಅದು ದಮ್ಮಾಸು ಅಲ್ಲ. ಹೊರಗಿನಿಂದ ನೋಡಲು ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ತಿಳಿಯುವುದು ಮೊದಲ ಸಲ ನೀರು ತುಂಬಿದ ದಿನ.

ಮಣ್ಣು ಮುಂದೆ ಕೂರುತ್ತದೆ. ರೋಲರ್ ಹಾಕಿದ್ದಕ್ಕೆ ಎತ್ತರದ 5 ಶೇಕಡಾ, ಅಂದರೆ ನಡುವೆ 17–18 ಸೆಂ.ಮೀ. ಹೆಚ್ಚು ಏರಿಸಿ. ಒಡ್ಡಿನ ತಲೆ ನಡುವೆ ತಗ್ಗಿದ್ದರೆ ನೀರು ಅಲ್ಲಿಂದಲೇ ದಾಟುತ್ತದೆ. ಹೊರಬುಡದಲ್ಲಿ ಒಂದು ಮೀಟರ್ ಎತ್ತರಕ್ಕೆ ಕಾಡುಕಲ್ಲಿನ (ಗಟ್ಟಿ ಬಂಡೆಕಲ್ಲಿನ) ರಾಶಿ. ಕಲ್ಲಿಗೂ ಮಣ್ಣಿಗೂ ನಡುವೆ ಮೊದಲು ಮರಳು, ಆಮೇಲೆ ಜಲ್ಲಿ, ತಲಾ 20–30 ಸೆಂ.ಮೀ.

ಕೋಡಿ

ಕೋಡಿಯನ್ನು ಒಡ್ಡಿನ ಮೇಲೆ ಎಂದೂ ಇಡಬೇಡಿ. ಬದಿಯ ಗುಡ್ಡದ, ಮಣ್ಣು ತುಂಬಿಸದ ಮೂಲ ನೆಲದಲ್ಲಿ ಇಡಬೇಕು, ಮುರಕಲ್ಲಿನ ಹಾಸು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಪೈಪ್ ಪೂರ್ತಿ ಕಟ್ಟಿಹೋಗಿದೆ, ಒಡ್ಡು ಮೊದಲೇ ತುಂಬಿದೆ ಎಂದೇ ಲೆಕ್ಕ ಹಿಡಿಯಿರಿ. ಕೋಡಿಯ ಮೇಲೆ 0.5 ಮೀಟರ್ ಎತ್ತರಕ್ಕೆ ನೀರು ಹೋದರೆ ಪ್ರತಿ ಮೀಟರ್ ಅಗಲಕ್ಕೆ ಸೆಕೆಂಡಿಗೆ 0.6 ಘನ ಮೀಟರ್. 3.3ಕ್ಕೆ ಐದೂವರೆ ಮೀಟರ್. 6 ಮೀಟರ್ ಇಡಿ. ಮೇಲೆ ಇನ್ನಷ್ಟು ಗುಡ್ಡ ಸಮತಟ್ಟಾಗಿ ಮನೆ, ರಸ್ತೆ ಬರುವ ಸೂಚನೆ ಇದ್ದರೆ 8.

ಕೋಡಿಯ ತಳ ಅಡ್ಡಕ್ಕೆ ನೂಲು ಹಿಡಿದಂತೆ ಸಮ ಇರಬೇಕು. ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಸಾಕು. ಒಂದು ಮೂಲೆ ತಗ್ಗಿದ್ದರೆ ನೀರೆಲ್ಲ ಅಲ್ಲಿ ಸೇರಿ ಕೊರೆಯುತ್ತದೆ. ನೀರು ತೋಡಿಗೆ ಇಳಿಯುವ ದಾರಿಯನ್ನು ಒಡ್ಡಿನ ಬುಡದಿಂದ ದೂರ ಒಯ್ದು, ಕಾಡುಕಲ್ಲಿನ ಮೆಟ್ಟಿಲು ಕಟ್ಟಿ. ಬೀಳುವ ಜಾಗಕ್ಕೆ ಮುರಕಲ್ಲು ಬೇಡ, ಬೀಳುವ ನೀರಿಗೆ ಸವೆದು ಗುಳಿ ಬೀಳುತ್ತದೆ. ಕೋಡಿ ಕಡಿಯುವಾಗ ಶೇಡಿ ಕಂಡರೆ ಇನ್ನೂ 50 ಸೆಂ.ಮೀ. ತೆಗೆದು, ಜಿಯೋಟೆಕ್ಸ್‌ಟೈಲ್ (ಮಣ್ಣು ತಡೆದು ನೀರು ಬಿಡುವ ಬಟ್ಟೆ) ಹಾಸಿ, ಮೇಲೆ ಕಾಂಕ್ರೀಟ್ ಹಾಕದೆ ಬಿಡಬಾರದು. ಕೋಡಿಗೆ ಅಡ್ಡ ಮೀನಿನ ಬಲೆ, ಬೇಲಿ ಹಾಕಲು ಬಿಡಬೇಡಿ.

ಮೊದಲ ಮಳೆಗಾಲ ಮತ್ತು ಆಮೇಲೆ

ಇಳಿಜಾರಿಗೆ ತೆಗೆದಿಟ್ಟ ಮೇಲ್ಮಣ್ಣು ಹಾಕಿ ಗರಿಕೆ ಹಿಡಿಸಿ. ಲಾವಂಚ ಕೋಡಿಯ ಬದಿಗಳಿಗೆ ಒಳ್ಳೆಯದು. ಒಡ್ಡಿನ ಹೊರಮೈಯಲ್ಲಿ ಪೊದೆಯಾಗಿ ಬೆಳೆದರೆ ಜಿನುಗು ಕಾಣುವುದಿಲ್ಲ. ತೆಂಗು, ಬಾಳೆ, ಯಾವ ಮರವೂ ಬೇಡ. ಏಡಿ, ಹೆಗ್ಗಣ, ಮುಳ್ಳುಹಂದಿ ಮಾಡಿದ ಬಿಲಗಳನ್ನು ಮೇ ತಿಂಗಳಲ್ಲಿ ಪೂರ್ತಿ ಅಗೆದು ಮಣ್ಣು ಗುದ್ದಿ. ಬಾಯಿ ಮಾತ್ರ ಮುಚ್ಚಿದರೆ ಒಳಗೆ ಸುರಂಗ ಹಾಗೆಯೇ ಇರುತ್ತದೆ.

ಮೊದಲ ವರ್ಷ ಪ್ರತಿ ದೊಡ್ಡ ಮಳೆಯ ನಂತರ ಹೊರಬುಡದಲ್ಲಿ ನಡೆಯಿರಿ. ಬಸಿಗಾಲುವೆಯ ನೀರನ್ನು ಬಕೆಟ್‌ನಲ್ಲಿ ಹಿಡಿದು ತುಂಬಲು ಎಷ್ಟು ಹೊತ್ತು ಎಂದು ಬರೆದಿಡಿ. ತಿಳಿನೀರು ಒಂದೇ ಸಮ ಬರುತ್ತಿದ್ದರೆ ಭಯವಿಲ್ಲ. ನೀರು ಹೆಚ್ಚಾಗುತ್ತ ಹೋದರೆ, ಕೆಂಪಾದರೆ, ಅದಕ್ಕಿಂತ ಹೆಚ್ಚಾಗಿ ಹಾಲಿನ ಬಣ್ಣಕ್ಕೆ ತಿರುಗಿದರೆ ಒಳಗೆ ಮಣ್ಣು ಹೋಗುತ್ತಿದೆ. ಆಗ ಮೊದಲು ಕೆಳಗಿನವರಿಗೆ ಫೋನು, ಆಮೇಲೆ ಉಳಿದದ್ದು. ಹೊರಗೆ ನೀರು ಬರುವ ತೂತಿಗೆ ಜೇಡಿ ಮೆತ್ತಬೇಡಿ. ಒತ್ತಡ ಹೆಚ್ಚಿ ಪಕ್ಕದಲ್ಲಿ ಒಡೆಯುತ್ತದೆ. ಅದರ ಮೇಲೆ ಮರಳು, ಮರಳಿನ ಮೇಲೆ ಜಲ್ಲಿ ಸುರಿದು, ಸುತ್ತ ಮರಳು ಚೀಲದ ಬಳೆ ಕಟ್ಟಿ. ಮಣ್ಣು ನಿಂತು ನೀರು ತಿಳಿಯಾದರೆ ಹೊತ್ತು ಸಿಕ್ಕಿತು. ಜಾಲರಿಯ ಕಸವನ್ನು ಉದ್ದ ಕೊಕ್ಕೆಯಿಂದ ದಡದ ಮೇಲಿಂದಲೇ ಎಳೆಯಿರಿ. ನೀರು ಎಳೆಯುತ್ತಿರುವ ಪೈಪಿನ ಬಾಯಿಗೆ ಯಾರೂ ಇಳಿಯಬಾರದು.

ಸುಗ್ಗಿ (ಎರಡನೇ) ಬೆಳೆಗೆ ನೀರು ಬೇಕೆಂದು ಸೆಪ್ಟೆಂಬರ್‌ನಲ್ಲೇ ಪೈಪಿಗೆ ಗೋಣಿ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದ ದಿನ ಒಡ್ಡು ನೆರೆಯ ಒಡ್ಡಾಗಿ ಉಳಿಯುವುದಿಲ್ಲ. ನೀರು ಬೇಕಿದ್ದರೆ ಕಟ್ಟುವಾಗಲೇ ಪೈಪಿನ ಬಾಯಿಗೆ ಹಲಗೆ ಇಳಿಸುವ ಕಾಂಕ್ರೀಟ್ ಗೂಡು ಮಾಡಿಸಿ, ನವೆಂಬರ್‌ನಲ್ಲಿ ಹಲಗೆ ಹಾಕಿ, ಏಪ್ರಿಲ್ ಕೊನೆಗೆ ತೆಗೆದು ಮನೆಯೊಳಗೆ ಇಡಿ.

ಹೂಳನ್ನು ವರ್ಷಕ್ಕೊಮ್ಮೆ, ಹಲಗೆ ತೆಗೆದು ನೆಲ ಒಣಗಿದ ಮೇಲೆ ತೆಗೆಯಬೇಕು. ಪೈಪಿನ ಬಾಯಿಯ ಪಕ್ಕ ಮೀಟರ್ ಗುರುತು ಬರೆದ ಕಲ್ಲುಕಂಬ ನೆಟ್ಟರೆ ಎಷ್ಟು ತುಂಬಿದೆ ಎಂದು ಗೊತ್ತಾಗುತ್ತದೆ. ಕಂಬದ ಬುಡದ ಗುರುತು ಬಂದಲ್ಲಿಗೆ ಜೆಸಿಬಿ ನಿಲ್ಲಲಿ. ಹೊಟ್ಟೆ ದೊಡ್ಡದಾಗಲಿ ಎಂದು ಅದರ ಕೆಳಗಿನ ಮುರಕಲ್ಲಿಗೆ ಬಕೆಟ್ ಹಾಕಬೇಡಿ, ಅದರಡಿಯಲ್ಲಿರುವುದು ಶೇಡಿ.